ಉಯಿಲಿನಲ್ಲಿ ಅಡಗಿದ್ದ ಗುಮಾನಿ

ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಬರೆದ ಮೇರಿ ಆ್ಯನ್ ಇವಾನ್ಸ್ ಅವರ ‘ಮಿಡಲ್‌ಮಾರ್ಚ್’ 1871–72ರಲ್ಲಿ ಎಂಟು ಕಂತುಗಳಾಗಿ ಹೊರಬಂತು. ಕಥೆ ನಡೆಯುವುದು ಅದಕ್ಕೂ ನಲವತ್ತು ವರ್ಷ ಹಿಂದಿನ ಇಂಗ್ಲೆಂಡಿನಲ್ಲಿ. ಕಾದಂಬರಿ ದೊಡ್ಡದು, ಇವತ್ತು ಅದರೊಳಗಿನ ಡೊರೊಥಿಯಾ ಎಂಬ ವಿಧವೆಯ ವಿಚಾರವಷ್ಟೇ ಮಾತಾಡುತ್ತೇನೆ.

ಡೊರೊಥಿಯಾಗೆ ಇನ್ನೂ ಇಪ್ಪತ್ತು ತುಂಬಿಲ್ಲ. ನಲವತ್ತೈದು ದಾಟಿದ ಪಾದ್ರಿ ಕಸಾಬನ್‌ನ ಪಾಂಡಿತ್ಯಕ್ಕೆ ಮಾರುಹೋಗಿ, ತಾನೇ ಇಷ್ಟಪಟ್ಟು ಅವನ ಕೈಹಿಡಿದಳು. ಲೋಕದ ಪುರಾಣಗಳನ್ನೆಲ್ಲ ಒಂದೇ ಗ್ರಂಥದಲ್ಲಿ ಬಿಡಿಸಿಡಬೇಕೆಂಬುದು ಅವನ ಹಂಬಲ. ಅದು ಮುಗಿಯುವಂಥದ್ದಲ್ಲ ಎಂಬುದು ಕ್ರಮೇಣ ಅವಳಿಗೆ ಅರಿವಾಗುತ್ತದೆ. ಕಾಯಿಲೆ ಬಿದ್ದ ಗಂಡ ಒಂದು ರಾತ್ರಿ, ತಾನು ಸತ್ತ ಮೇಲೂ ತನ್ನ ಇಚ್ಛೆಯಂತೆಯೇ ನಡೆಯುವುದಾಗಿ ಮಾತು ಕೇಳುತ್ತಾನೆ. ಇಚ್ಛೆ ಏನೆಂದು ಮಾತ್ರ ಬಾಯಿ ಬಿಡುವುದಿಲ್ಲ. ಮರುದಿನ ಆಗಲಿ ಎನ್ನಲು ಅವಳು ತೋಟಕ್ಕೆ ಹೋದರೆ, ಕಲ್ಲಿನ ಮೇಜಿಗೆ ತಲೆಯೊರಗಿಸಿ ಆತ ತೀರಿಕೊಂಡಿದ್ದಾನೆ.

ಉಯಿಲಿನ ಗುಟ್ಟನ್ನು ಹೇಳುವವಳು ತಂಗಿ ಸೀಲಿಯಾ. ಕಸಾಬನ್‌ನ ನೆಂಟ ವಿಲ್ ಲ್ಯಾಡಿಸ್ಲಾನನ್ನು ಮದುವೆಯಾದರೆ ಡೊರೊಥಿಯಾಗೆ ಗಂಡನ ಆಸ್ತಿ ತಪ್ಪಿಹೋಗುತ್ತದೆ! ಇಂಥ ಷರತ್ತು ನಮ್ಮಲ್ಲೂ ಇತ್ತು. ಬ್ರಿಟಿಷ್ ಭಾರತದ 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೆ ದಾರಿ ತೆರೆದು, ಮತ್ತೆ ಮದುವೆಯಾದ ವಿಧವೆಗೆ ಸತ್ತ ಗಂಡನ ಆಸ್ತಿಯಲ್ಲಿದ್ದ ಹಕ್ಕನ್ನು ಕಿತ್ತುಕೊಂಡಿತ್ತು. ಅದು ಕಠಿಣ ಕಾನೂನು, ನಿಜ. ಆದರೆ ಯಾವ ಹೆಂಗಸಿನ ನಡತೆಯನ್ನೂ ಹೆಸರು ಹಿಡಿದು ಶಂಕಿಸಲಿಲ್ಲ. ಕಸಾಬನ್ ಒಬ್ಬ ಗಂಡಸಿನ ಹೆಸರು ಬರೆದಿಟ್ಟ. ಹಗಲಿರುಳು ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಿದ್ದ ಹೆಂಡತಿಯ ಮೇಲೆ ಆ ಗುಮಾನಿಯನ್ನು ಒಳಗೊಳಗೇ ಸಾಕಿಕೊಂಡಿದ್ದ. ನನ್ನನ್ನು ಕಲಕುವುದು ಆಸ್ತಿ ಹೋದದ್ದಲ್ಲ, ಇದು. ವಿಲ್‌ನನ್ನು ಆ ದೃಷ್ಟಿಯಿಂದ ಅವಳು ನೋಡಿಯೇ ಇರಲಿಲ್ಲ. ಆ ವಿಚಾರವನ್ನು ಅವಳ ಮನಸ್ಸಿಗೆ ತಂದದ್ದೇ ಗಂಡನ ಬರಹ.

ಗ್ರಂಥದ ಕೆಲಸ ಹೇಗೆ ಮುಂದುವರಿಸಬೇಕೆಂದು ಅವಳಿಗಾಗಿ ಅವನು ಒಂದು ಪಟ್ಟಿಯನ್ನೂ ಬರೆದಿಟ್ಟಿದ್ದ. ಅವಳು ಅದನ್ನು ಹರಿಯುವುದಿಲ್ಲ, ಸುಡುವುದಿಲ್ಲ. ನಂಬಿಕೆಯಿಲ್ಲದ ಕೆಲಸಕ್ಕೆ ತನ್ನ ಆತ್ಮವನ್ನು ಒಪ್ಪಿಸಲಾರೆ ಎಂದು ಸತ್ತವನಿಗೇ ಉತ್ತರ ಬರೆದು, ಜೊತೆಗಿಟ್ಟು, ಲಕೋಟೆಗೆ ಮೊಹರು ಹಾಕಿ ಮೇಜಿನೊಳಗೆ ಇಡುತ್ತಾಳೆ. ಇಡೀ ಕಾದಂಬರಿಯಲ್ಲಿ ನಾನು ಮತ್ತೆಮತ್ತೆ ಓದುವ ಜಾಗ ಇದೇ. ಬದುಕಿದ್ದಾಗ ಗಂಡನಿಗೆ ಆಡಲಾಗದ ಮಾತನ್ನು ಅವಳು ಆಡಿದ್ದು ಇಲ್ಲಿ.

ಕೊನೆಗೆ ಅವಳು ವಿಲ್‌ನನ್ನೇ ಮದುವೆಯಾಗುತ್ತಾಳೆ. ಅವನು ಅವಳಿಗೆ ತಕ್ಕವನಲ್ಲ ಎಂದು ಕೊರಗುವ ಓದುಗರಿದ್ದಾರೆ. ನನಗೂ ಆತ ಕೊಂಚ ಹಗುರಾಗಿಯೇ ಕಾಣುತ್ತಾನೆ. ಆದರೂ ಎಸ್ಟೇಟು ಬಿಟ್ಟು, ವರ್ಷಕ್ಕೆ 700 ಪೌಂಡಿನ ತನ್ನದೇ ವರಮಾನ ನೆಚ್ಚಿ ಹೊರಟವಳು ಅವಳು. ಕಸಾಬನ್ ಹಾಕಿದ ಲೆಕ್ಕದಲ್ಲಿ ಅಂಥ ಹೆಂಗಸು ಇರಲೇ ಇಲ್ಲ.