ಕೇಳಬಲ್ಲವನೇ ಮುಂದಾಳು
(ಶತಮಾನೋತ್ಸವದ ಸಭೆಯಲ್ಲಿ ನೀಡಿದ ಭಾಷಣ)



ಸಮರ್ಥ ಮುಂದಾಳುತನವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸ್ವಾಗತ ಸಮಿತಿಯವರ ಅಪ್ಪಣೆ. ಇಂಥ ಭಾಷಣಗಳನ್ನು ಮೋಶೆಯಿಂದ ಆರಂಭಿಸುವುದು ವಾಡಿಕೆ. ನಾವಾದರೋ ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಆರಂಭಿಸುತ್ತೇವೆ.

ತಿರುವನಂತಪುರದ ಸಮೀಪ ಕಡಲ ದಂಡೆಯಲ್ಲಿರುವ ಆ ಹಳ್ಳಿಯ ಬಳಿಯಲ್ಲೇ ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುತ್ತದೆ. ಮೇಲಣ ವಾಯುಮಂಡಲದ ಅಧ್ಯಯನಕ್ಕಾಗಿ ರಾಕೆಟ್ಟುಗಳನ್ನು ಹಾರಿಸಲು ಸ್ಥಳ ಹುಡುಕುತ್ತಿದ್ದ ಡಾ. ವಿಕ್ರಮ್ ಸಾರಾಭಾಯಿ ಅವರು, 1960ರ ದಶಕದ ಆರಂಭದಲ್ಲಿ ಅದನ್ನೇ ಆರಿಸಿಕೊಂಡರು. ಆದರೆ ಅಲ್ಲಿ ಸಂತ ಮಗ್ದಲದ ಮರಿಯಮ್ಮನವರ ದೇವಾಲಯವಿತ್ತು, ಧರ್ಮಾಧ್ಯಕ್ಷರ ಮನೆಯಿತ್ತು, ಸುತ್ತಲೂ ಬೆಸ್ತರ ಬಿಡಾರಗಳಿದ್ದವು.

ಸಾರಾಭಾಯಿ ಅವರು ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೇರ ಅವರನ್ನು ಕಂಡರು. ಮುಂದೆ ನಡೆದುದನ್ನು, ಅಲ್ಲಿಯೇ ದುಡಿದ ಅಬ್ದುಲ್ ಕಲಾಂ ಅವರು ಹಲವು ಬಾರಿ ಹೇಳಿದ್ದಾರೆ. ಧರ್ಮಾಧ್ಯಕ್ಷರು ಆಗಲಿ ಎನ್ನಲಿಲ್ಲ, ಆಗದು ಎನ್ನಲಿಲ್ಲ. ಭಾನುವಾರ ದೇವಾಲಯಕ್ಕೆ ಬರಹೇಳಿದರು. ಅಂದು ನೆರೆದ ಜನರ ಮುಂದೆ ಬೇಡಿಕೆ ಏನು, ದೇವಾಲಯದೊಡನೆ ತಮ್ಮ ಮನೆಯೂ ಜನರ ಮನೆಗಳೂ ಹೇಗೆ ಹೋಗುತ್ತವೆ ಎಂಬುದನ್ನೆಲ್ಲ ಬಿಚ್ಚಿ ಹೇಳಿ, ಕೊಡೋಣವೇ ಎಂದು ಕೇಳಿದರು. ಸಭೆ ಆಮೆನ್ ಎಂದಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟು ಮೇಲೇರಿತು. ದೇವಾಲಯ ಕಾರ್ಯಾಗಾರವಾಯಿತು, ಧರ್ಮಾಧ್ಯಕ್ಷರ ಮನೆ ಕಚೇರಿಯಾಯಿತು. ಆ ದೇವಾಲಯದ ಕಟ್ಟಡದಲ್ಲಿ ಇಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯವಿದೆ.

ಅವರು ತಾವೊಬ್ಬರೇ ಒಪ್ಪಿಗೆಯಿತ್ತಿದ್ದರೂ ಆ ಕಾಲದಲ್ಲಿ ಎದುರಾಡುವವರು ಎಷ್ಟು ಮಂದಿ ಇರುತ್ತಿದ್ದರು? ಸರ್ಕಾರದ ಕಾರ್ಯಕ್ಕೆ ಬಡ ಬೆಸ್ತರು ಒಲ್ಲೆವೆನ್ನಲು ನಿಜವಾಗಿಯೂ ಸಾಧ್ಯವಿತ್ತೇ ಎಂಬ ಸಂದೇಹವೂ ನಮಗಿಲ್ಲದಿಲ್ಲ. ಆದರೂ ತಮ್ಮ ಮಕ್ಕಳಿಗೆ ಸ್ನಾನದೀಕ್ಷೆ ಕೊಡಿಸಿದ, ತಾವು ಮದುವೆಯ ಮಾತು ಕೊಟ್ಟ ಆ ದೇವಾಲಯವನ್ನು ಕಳೆದುಕೊಳ್ಳುವವರಿಗೆ, ಕಳೆದುಕೊಳ್ಳುವುದಕ್ಕೆ ಮೊದಲೇ ಎಲ್ಲವೂ ತಿಳಿಯಿತು. ಕೇಳಿದವರೂ ತಮ್ಮ ಮನೆಯನ್ನು ಉಳಿಸಿಕೊಂಡು ಕೇಳಲಿಲ್ಲ. ಅಷ್ಟರಿಂದಲೇ ಅವರ ಮಾತಿಗೆ ತೂಕ ಬಂದಿತೆಂದು ನಮ್ಮ ಭಾವನೆ. ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ 'ಕೇಳು' ಎಂಬುದೊಂದೇ ಮಾತು. ನಾವು ಸಮಿತಿಯವರು ಮೊದಲನೆಯದನ್ನಷ್ಟೇ ಬಲ್ಲೆವು, ಅದನ್ನೂ ತಡವಾಗಿ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಶತಮಾನೋತ್ಸವದ ನೆನಪಿಗೆ ಸಮುದಾಯ ಭವನ ಕಟ್ಟಲು ಸಮಾಧಿ ಭೂಮಿಯ ಅಂಚಿನ ಜಾಗವನ್ನು ಸೇರಿಸಿ ನಾವು ನಕ್ಷೆ ಬರೆಯಿಸಿದೆವು. ಬರೆಯಿಸಿದ ಮೇಲೆ ಸಭೆ ಕರೆದೆವು. ಯಾರೂ ತುಟಿ ಬಿಚ್ಚಲಿಲ್ಲ. ಅದನ್ನೇ ಒಪ್ಪಿಗೆಯೆಂದು ಪುಸ್ತಕದಲ್ಲಿ ಬರೆದುಕೊಂಡೆವು. ಸಭೆ ಮುಗಿದು ಮೆಟ್ಟಿಲಿಳಿಯುವಾಗ ವಯೋವೃದ್ಧೆಯೊಬ್ಬರು ನಮ್ಮ ಕೈ ಹಿಡಿದು, "ನಮ್ಮೆಜಮಾನರ ಶಿಲುಬೆಯನ್ನು ಎಲ್ಲಿಗೆ ಒಯ್ಯುತ್ತೀರಪ್ಪಾ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಅಂಚಿನಲ್ಲಿ ನಮ್ಮ ಸಮಿತಿಯವರಾರ ಮನೆಯ ಸಮಾಧಿಯೂ ಇಲ್ಲವೆಂಬುದು ಅಂದು ರಾತ್ರಿ ನಮಗೆ ಹೊಳೆಯಿತು.

ಆದ್ದರಿಂದ ಆ ಬರಹವನ್ನು ಹೊಡೆದುಹಾಕಿದ್ದೇವೆ. ಬರುವ ಭಾನುವಾರ ಎರಡನೆಯ ಬಲಿಪೂಜೆಯ ನಂತರ ನಕ್ಷೆಯನ್ನು ಶಾಲೆಯ ಅಂಗಳದಲ್ಲಿ ಹರಡುತ್ತೇವೆ. ಅಲ್ಲಿ ತಮ್ಮವರನ್ನು ಮಣ್ಣು ಮಾಡಿದವರು ಮೊದಲು ಮಾತನಾಡಲಿ. ಭವನ ಬೇಡವೆಂದರೂ ಆಗಲಿ. ನಾವು ಪೆನ್ನು ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತೇವೆ.