ಹಿರಿಯರ ಒಂಟಿತನ

ಹಿರಿಯರ ಒಂಟಿತನ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದರ ಮೇಲೆ ನಿಂತಿಲ್ಲ. ಬೇಕೆನಿಸುವ ಒಡನಾಟಕ್ಕೂ ಸಿಗುವ ಒಡನಾಟಕ್ಕೂ ನಡುವಿನ ಅಂತರ ಹೆಚ್ಚಿದಾಗ, ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಮನೆಯಲ್ಲೂ ಅದು ಕಾಡುತ್ತದೆ.

ಬೆಂಗಳೂರಿನ ರಾಜರಾಜೇಶ್ವರಿನಗರದಂಥ ಬಡಾವಣೆಯಲ್ಲಿ ಇದರ ಕಾರಣಗಳು ಕಣ್ಣಿಗೇ ಕಾಣುತ್ತವೆ. ಮಕ್ಕಳು ಹೊರದೇಶಕ್ಕೆ ಹೋದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿಯುತ್ತಾರೆ. ಮುಂದೊಂದು ದಿನ ಒಬ್ಬರೇ. ಊರು ಬಿಟ್ಟು ಮಗನ ಫ್ಲಾಟಿಗೆ ಬಂದ ಅಜ್ಜಿಗೆ ಕೂತು ಮಾತಾಡಲು ಜಗಲಿಯಿಲ್ಲ. ಮಂಡಿನೋವಿದ್ದವರಿಗೆ ಇಲ್ಲಿನ ಏರು ರಸ್ತೆಗಳೇ ದೇವಸ್ಥಾನವನ್ನು ದೂರ ಮಾಡುತ್ತವೆ.

ಮನೆಯವರು ತಡವಾಗಿ ಗಮನಿಸುವ ಕಾರಣ ಕಿವಿ ಮಂದವಾಗುವುದು. ಎರಡು ಸಲ ‘ಏನಂದೆ?’ ಎಂದು ಕೇಳಿದವರು ಮೂರನೆಯ ಸಲ ಸುಮ್ಮನೆ ತಲೆಯಾಡಿಸುತ್ತಾರೆ. ಕ್ರಮೇಣ ಮಾತುಕತೆಯಿಂದಲೇ ದೂರ ಸರಿಯುತ್ತಾರೆ. ಅದನ್ನು ಮುಂಗೋಪವೆಂದು ತಿಳಿಯುವುದು ದೊಡ್ಡ ಅನ್ಯಾಯ. ಸಕಾಲದ ತಪಾಸಣೆ, ಶ್ರವಣ ಯಂತ್ರ ಅವರನ್ನು ಮತ್ತೆ ಮಾತಿಗೆ ತರಬಲ್ಲವು.

ದೀರ್ಘಕಾಲದ ಒಂಟಿತನ ಖಿನ್ನತೆ, ಹೃದ್ರೋಗ, ಮರೆಗುಳಿತನದ ಅಪಾಯವನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾಮಾಜಿಕ ಸಂಬಂಧಗಳ ಕುರಿತು ಆಯೋಗವನ್ನೇ ರಚಿಸಿತು.

‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಎಂಬಲ್ಲಿಗೇ ಮುಗಿಯುವ ಫೋನು ಸಾಲದು. ಉಪ್ಪಿನಕಾಯಿಯ ಹದ ಕೇಳುವುದು, ಮೊಮ್ಮಗುವಿನ ಮಗ್ಗಿ ಒಪ್ಪಿಸಿಕೊಳ್ಳುವ ಹೊಣೆ ಕೊಡುವುದು, ಪಾರ್ಕಿನ ನಡಿಗೆಗೆ ನೆರೆಯವರು ಕರೆಯುವುದು ಹೆಚ್ಚು ಫಲಕಾರಿ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಹಿರಿಯರ ಸಹಾಯವಾಣಿ ಆರಂಭಿಸಿದರು. ರಾಷ್ಟ್ರೀಯ ಸಹಾಯವಾಣಿ 14567ರಲ್ಲಿ ಮಾಹಿತಿಯ ಜೊತೆಗೆ ಮನಸ್ಸಿಗೆ ಆಸರೆಯ ಮಾತೂ ಉಚಿತವಾಗಿ ಸಿಗುತ್ತದೆ.