ಹುಲ್ಲಿನಡಿಯ ಕಲ್ಲು



ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆ ಹೋದವರಿಗೆ ಗೊತ್ತು. ಅಲ್ಲಿ ಗುಡ್ಡವೆಂದರೆ ಬಂಡೆ, ಬಂಡೆಯ ಮೇಲೆ ಬಂಡೆ. ಅದನ್ನು ನೋಡುತ್ತಾ ಬೆಳೆದ ನನಗೆ ಜಪಾನಿನ ಇವಾಗುಮಿ ಕಲೆ ಬಲು ಹತ್ತಿರದ್ದು ಅನ್ನಿಸಿತು. ಗಾಜಿನ ತೊಟ್ಟಿಯೊಳಗೆ ಕಲ್ಲು, ಹುಲ್ಲು, ನೀರು. ಅಷ್ಟೇ. 2015ರಲ್ಲಿ ತೀರಿಕೊಂಡ ತಕಾಶಿ ಅಮಾನೊ ಅದನ್ನು ಲೋಕಕ್ಕೆಲ್ಲ ಪರಿಚಯಿಸಿದರು.

ಕಲ್ಲುಗಳು ಬೆಸ ಸಂಖ್ಯೆಯಲ್ಲಿರಬೇಕು. ದೊಡ್ಡ ಕಲ್ಲು ನಟ್ಟನಡುವೆ ಕೂರುವುದಿಲ್ಲ. ಹೊಳೆಯ ನೀರು ತಳ್ಳಿದಂತೆ ತುಸು ಓರೆಯಾಗಿ ನಿಲ್ಲುತ್ತದೆ. ನನ್ನ ಮನಸ್ಸು ನಿಂತದ್ದು ಮಾತ್ರ ತೀರಾ ಚಿಕ್ಕ ಕಲ್ಲಿನ ಮೇಲೆ. ಅದರ ಹೆಸರು ಸುತೆಇಶಿ, ಬಿಟ್ಟುಕೊಟ್ಟ ಕಲ್ಲು. ಹುಲ್ಲು ಬೆಳೆದಂತೆ ಅದು ಮರೆಯಾಗುತ್ತದೆ. ಮರೆಯಾಗಲೆಂದೇ ಅದನ್ನು ಇಡುತ್ತಾರೆ.

ನಾನೂ ಹೊಲದ ಬದುವಿನಿಂದ ಐದು ಕಲ್ಲು ತಂದೆ. ಒಂದೊಂದರ ಮೇಲೂ ನಿಂಬೆರಸ ಬಿಟ್ಟು ನೋಡಿದೆ. ನೊರೆ ಬಂದರೆ ಸುಣ್ಣದ ಕಲ್ಲು, ನೀರು ಗಡಸಾಗುತ್ತದೆ. ನೊರೆ ಬರಲಿಲ್ಲ. ಎಲ್ಲಕ್ಕಿಂತ ಚಿಕ್ಕದನ್ನು ಕೊನೆಗೆ, ಮರಳಿನಲ್ಲಿ ಅರ್ಧ ಹೂತು, ದೊಡ್ಡ ಕಲ್ಲಿನ ಬುಡಕ್ಕೆ ಒತ್ತಿ ಇಟ್ಟೆ.

ಈಗ ಹುಲ್ಲು ಹಬ್ಬಿದೆ. ಮನೆಗೆ ಬಂದವರು ನಾಲ್ಕು ಕಲ್ಲು ಎಣಿಸುತ್ತಾರೆ. ಐದನೆಯದು ಇರುವುದು ಇಟ್ಟ ನನಗೆ ಗೊತ್ತು. ಅದರ ಪಕ್ಕದ ಸಂದಿಯಲ್ಲಿ ರಾತ್ರಿ ಮಲಗುವ ಮೀನುಮರಿಗೂ ಗೊತ್ತು.